ನಂಜುಂಡನ ಪಿಕಪ್ಪಿನ ಗಂಟಲು

ಬಸಮ್ಮನ ಹಸು ಒದ್ದದ್ದು ಹಾಲಿನ ಬಕೆಟ್ಟಿಗೆ. ಪೆಟ್ಟು ಬಿದ್ದದ್ದು ಮಾತ್ರ ನಂಜುಂಡನಿಗೆ.

ಬೆಳಗಿನ ಐದೂವರೆಗೆ ನಂಜುಂಡ ಮನೆ ಮುಂದೆ ನಿಂತಿದ್ದ ತನ್ನ ಪಿಕಪ್ಪಿನ ಕೀಲಿ ತಿರುಗಿಸಿದ್ದ. ಅದು ಎಂದಿನಂತೆ ಕೆಮ್ಮಿತು, ಮೈಯೆಲ್ಲ ನಡುಗಿಸಿತು, ಒಂದಷ್ಟು ಕಪ್ಪು ಹೊಗೆ ಉಗುಳಿತು. ಆಮೇಲೆ ಮೂರು ಸಲ ‘ಢಮಾರ್’ ಎಂದಿತು. ದಿನಾ ಎರಡೇ ಸಲ ಅನ್ನುತ್ತಿದ್ದದ್ದು. ಎರಡಕ್ಕೆ ಹೊಂದಿಕೊಂಡಿದ್ದ ಪಕ್ಕದ ಮನೆಯ ಹಸು ಮೂರನೆಯದಕ್ಕೆ ತಯಾರಾಗಿರಲಿಲ್ಲ.

ಬಸಮ್ಮ ಖಾಲಿ ಬಕೆಟ್ ಹಿಡಿದು ಬಂದು ಪಿಕಪ್ಪಿನ ಎದುರಿಗೆ ನಿಂತಳು. ಸೆರಗಿನ ತುಂಬ ಹಾಲು.

“ಏನ್ಲಾ ನಂಜುಂಡ, ಇದು ಗಾಡಿಯೇನ್ಲಾ, ಇಲ್ಲಾ ಕಲ್ಲು ಕ್ವಾರಿಯೇನ್ಲಾ? ನಾಕು ಲೀಟ್ರು ಹಾಲು ಕಣೋ! ಹರಕೆ ಹೊತ್ತು ಊರಿಂದ ಆನೆ ಓಡಿಸ್ದೋಳು ನಾನು. ನಿನ್ನ ಗಾಡಿ ಓಡ್ಸಕ್ಕೆ ಇನ್ಯಾವ ದೇವ್ರಿಗೆ ಹೊರ್ಲಿ?”

ಹರಕೆಯ ಮಾತು ಅವಳು ಸುಮ್ಮನೆ ಎತ್ತಿದ್ದಲ್ಲ. ಮಗ್ಗೆಯಿಂದ ಮೂರು ಕಿಲೋಮೀಟರ್ ಒಳಕ್ಕಿರುವ ಆ ಕೊಪ್ಪಲಿನಲ್ಲಿ ಇರುವುದು ಹನ್ನೊಂದೇ ಮನೆ. ಸುತ್ತಲಿನ ಎಲ್ಲ ಊರಿಗೂ ಆನೆಗಳು ಬಂದು ಹೋಗುತ್ತಿದ್ದವು. ಭತ್ತ ಉಳಿದಿರಲಿಲ್ಲ, ಬಾಳೆ ಉಳಿದಿರಲಿಲ್ಲ. ಈ ಕೊಪ್ಪಲಿಗೆ ಮಾತ್ರ ಎರಡು ವರ್ಷದಿಂದ ಒಂದು ಮರಿಯಾನೆಯೂ ಕಾಲಿಟ್ಟಿರಲಿಲ್ಲ. ಅದು ತನ್ನ ಹರಕೆಯ ಫಲ ಎಂದು ಬಸಮ್ಮ ಹೇಳುತ್ತಿದ್ದಳು. ಅಲ್ಲ, ತಾನು ಬೇಲಿಗೆ ಕಟ್ಟಿದ ಬಿಯರ್ ಬಾಟಲಿಗಳು ಗಾಳಿಗೆ ಕಣಕಣ ಅನ್ನುವುದರ ಫಲ ಎಂದು ಎದುರು ಮನೆಯ ಲಕ್ಕಪ್ಪ ವಾದಿಸುತ್ತಿದ್ದ. ಊರಿನ ಸಲುವಾಗಿ ಅಷ್ಟೂ ಬಾಟಲಿಗಳನ್ನು ತಾನೊಬ್ಬನೇ ಖಾಲಿ ಮಾಡಿದ್ದನ್ನೂ ನೆನಪಿಸುತ್ತಿದ್ದ.

ಗಲಾಟೆ ಕೇಳಿ ಲಕ್ಕಪ್ಪ ಮಫ್ಲರ್ ಸುತ್ತಿಕೊಂಡು ಹೊರಗೆ ಬಂದ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸಿನ ಇಂಜಿನ್ ಕೆಟ್ಟಾಗಲೆಲ್ಲ ಡಿಪೋಗೆ ಫೋನ್ ಮಾಡಿ ಮರದ ನೆರಳಲ್ಲಿ ಮಲಗಿದ್ದೇ ಅವನ ಅನುಭವ. ಆದರೂ ಇಂಜಿನ್ನಿನ ವಿಷಯದಲ್ಲಿ ಕೊಪ್ಪಲಿಗೆ ಅವನ ಮಾತೇ ಕೊನೆ.

“ನೋಡು ನಂಜುಂಡ, ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡ್ದಿರೋನು ಹೇಳ್ತಿದೀನಿ. ಇದು ಮುಗೀತು. ಹೊಗೆ ಕಪ್ಪು, ಸದ್ದು ಮೂರು. ಇಂಜಿನ್ ಇಳ್ಸು, ಬೇರೇದು ಕೂರ್ಸು.”

“ಇದೇ ಇಂಜಿನ್ನ ಬೋರ್ ಮಾಡ್ಸಿ ರಿಪೇರಿ ಮಾಡುದ್ರೆ ಆಗಲ್ವಾ ಲಕ್ಕಪ್ಪಣ್ಣ?”

“ಬೋರಾ? ಸತ್ತೋನಿಗೆ ಕಟಿಂಗ್ ಮಾಡುಸ್ತೀಯೇನೋ?”

ನಂಜುಂಡ ಪಿಕಪ್ಪಿನ ಕಡೆ ನೋಡಿದ. ಹದಿನೆಂಟು ವರ್ಷದ ಗಾಡಿ. ಅದರ ಬಣ್ಣ ಬಿಳಿ ಎಂಬುದು ಈಗ ಆರ್‌ಸಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತಿತ್ತು. ಅದು ಬರುವುದು ಜನರ ಕಿವಿಗೆ ಮೊದಲು, ಮೂಗಿಗೆ ಆಮೇಲೆ, ಕಣ್ಣಿಗೆ ಎಲ್ಲಕ್ಕಿಂತ ಕೊನೆಗೆ ತಿಳಿಯುತ್ತಿತ್ತು. ಆದರೂ ಅರ್ಧ ಎಕರೆ ಭತ್ತದ ಗದ್ದೆ ಬಿಟ್ಟರೆ ಅವನ ಮನೆ ನಡೆಸುತ್ತಿದ್ದದ್ದು ಅದೊಂದೇ. ಶುಂಠಿ, ಕಾಫಿ, ಸೌದೆ, ಮದುವೆ ಮನೆಯ ಪಾತ್ರೆ, ಆಸ್ಪತ್ರೆಗೆ ಹೊರಟ ಬಸುರಿ, ಏನನ್ನೂ ಬೇಡ ಎಂದಿರಲಿಲ್ಲ ಅದು.

ಅಷ್ಟರಲ್ಲಿ ತಿರುವಿನಲ್ಲಿ ಒಂದು ಜೀಪು ನಿಂತಿತು. ಇಳಿದದ್ದು ಎಸ್ಟೇಟ್ ದೇವೇಂದ್ರ. ಗುಡ್ಡದ ಮೇಲಿನ ಇನ್ನೂರು ಎಕರೆ ಕಾಫಿ ತೋಟ ಅವರದು. ಕೊಪ್ಪಲಿಗೆ ಅವರು ಬರುವುದು ಚುನಾವಣೆಗೊಮ್ಮೆ. ಈ ಬೆಳಿಗ್ಗೆ ಅವರೇ ನಡೆದುಕೊಂಡು ಬಂದು ನಂಜುಂಡನ ಹೆಗಲ ಮೇಲೆ ಕೈ ಇಟ್ಟದ್ದು ಕಂಡು ಬಸಮ್ಮ ಬಕೆಟ್ಟನ್ನು ಹಿಂದಕ್ಕೆ ಮರೆಮಾಡಿದಳು.

“ನಂಜುಂಡ, ಈ ಸೀಸನ್ನು ನಮ್ಮ ಕಾಫಿ ಪೂರಾ ಹಾಸನದ ಕ್ಯೂರಿಂಗ್ ಮಿಲ್ಲಿಗೆ ನೀನೇ ಹೊಡಿ. ನಾಳೆಯಿಂದ್ಲೇ ಶುರು ಮಾಡು.”

ನಂಜುಂಡ ಬೆರಳು ಮಡಚಿ ಲೆಕ್ಕ ಹಾಕಿದ. ಮೂರು ತಿಂಗಳು ದಿನವೂ ಲೋಡು! ಹಾಸನಕ್ಕೆ ಹೋಗಿ ಬರುವ ಬಾಡಿಗೆಗೆ ಆಲೂರಿನ ಹೊಸ ಗಾಡಿಗಳವರೇ ಕಾದು ಕೂತಿದ್ದರು.

“ಆದ್ರೆ ಒಂದು ಮಾತು ಮಾರಾಯ. ಈ ಇಂಜಿನ್ ಹಾಕ್ಕೊಂಡು ನನ್ನ ಕಣಕ್ಕೆ ಬರಬೇಡ. ನಮ್ಮ ಹೋಂಸ್ಟೇಗೆ ಪೇಟೆ ಜನ ದುಡ್ಡು ಕೊಟ್ಟು ಬರೋದು ನಿಶ್ಶಬ್ದ ಕೇಳೋಕೆ. ಇವತ್ತೇ ಬದಲಾಯಿಸ್ಬುಡು. ನಿನ್ನ ಒಳ್ಳೇದಕ್ಕೇ ಹೇಳೋದು ನಾನು.”

ಜೀಪು ಹೊರಟುಹೋಯಿತು. ಲಕ್ಕಪ್ಪ ತಾನೇ ಆ ಲೋಡು ಕೊಡಿಸಿದವನಂತೆ ಎದೆ ಉಬ್ಬಿಸಿದ. “ಕೇಳುದ್ಯಾ? ನಾ ಹೇಳಿದ್ದೇ ಸಾವ್ಕಾರ್ರೂ ಹೇಳುದ್ರು.”

ಒಳಗೆ ನಂಜುಂಡನ ಹೆಂಡತಿ ಗಂಗಾಮಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡ ಒಳಗೆ ಬಂದವನು ನೇರ ಮಂಚದ ಕೆಳಗೆ ಬಗ್ಗಿದ್ದು ಕಂಡು ಅವಳಿಗೆ ಅರ್ಥವಾಯಿತು. ಅಲ್ಲಿದ್ದದ್ದು ಮೂರು ಮೂಟೆ ಒಣಗಿದ ಕರಿಮೆಣಸು. ಹಿತ್ತಲಿನ ಮರಗಳಿಗೆ ಹಬ್ಬಿದ ಬಳ್ಳಿಯಿಂದ ಕುಯ್ದು, ತುಳಿದು, ಒಣಗಿಸಿ, ರೇಟು ಏರಲಿ ಎಂದು ಎರಡು ವರ್ಷದಿಂದ ಅವಳು ಕಾದಿಟ್ಟದ್ದು. ಅದು ಒಂದು ಜೊತೆ ಬಳೆಯಾಗಬೇಕಿತ್ತು.

“ಮೆಣಸು ಮುಟ್ಬೇಡಿ,” ಎಂದಳು.

“ಗಂಗಾ, ಸೀಸನ್ ಪೂರಾ ಲೋಡು ಕಣೇ. ಮುಗಿಯೋ ಹೊತ್ಗೆ ಒಂದ್ಜೊತೆ ಅಲ್ಲ, ಎರಡ್ಜೊತೆ ಮಾಡುಸ್ತೀನಿ.”

“ರೀ, ಆ ಸಾವ್ಕಾರ್ರು ನಿಶ್ಶಬ್ದ ಅಂದ್ರಲ್ಲ, ಕಾಟೇಜ್ ಬಾಗ್ಲಿಗೇ ಆನೆ ಬಂದ್ಮೇಲೆ ಅವರ ಹೋಂಸ್ಟೇಗೆ ಯಾವ ನರಪಿಳ್ಳೆ ಬಂದೈತೆ? ಬೀಗ ಹಾಕಿ ಎರಡು ತಿಂಗಳಾಯ್ತು.”

“ಮುಂದೆ ಬರ್ತಾರೆ ಬುಡು.”

“ನಂಗೇನೂ ಆ ಸದ್ದು ತೊಂದ್ರೆ ಇಲ್ಲ. ಮಗ್ಗೆ ತಿರುವಲ್ಲಿ ಢಮಾರ್ ಅಂದ್ರೆ ಎಸರು ಇಡ್ತೀನಿ. ನೀವು ಬಂದು ಕೈಕಾಲು ತೊಳೆಯೋ ಹೊತ್ಗೆ ಮುದ್ದೆ ಆಗಿರ್ತದೆ. ಗಂಡ ಎಲ್ಲವ್ನೆ ಅಂತ ಫೋನ್ ಇಲ್ದೆ ತಿಳಿಯೋದು ಈ ಊರಲ್ಲಿ ನನಗೊಬ್ಬಳಿಗೇ.”

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದ್ದು. ನಂಜುಂಡನೂ ಮೂಟೆಯ ಮೇಲಿನ ಕೈ ತೆಗೆದ. ಆದರೆ ಹೊರಗೆ ಲಕ್ಕಪ್ಪ, “ಬೇಗ ಬಾರೋ, ಹೊತ್ತಾಯ್ತು!” ಎಂದು ಕೂಗಿದ. ಮೂರು ಮೂಟೆಯೂ ಪಿಕಪ್ಪು ಹತ್ತಿತು. ಗಾಡಿಗೆ ಬೈದವರೂ ಹತ್ತಿದರು. ಲಕ್ಕಪ್ಪನಿಗೆ ಬ್ಯಾಂಕಿನ ಕೆಲಸವಿತ್ತು, ಬಸಮ್ಮನಿಗೆ ಹಲ್ಲು ಕೀಳಿಸುವುದಿತ್ತು. ಬಸ್ಸಿಗೆ ಕೊಡುವ ದುಡ್ಡನ್ನು ಇಬ್ಬರೂ ಉಳಿಸಿದರು. ದಾರಿಯುದ್ದಕ್ಕೂ ಬಸಮ್ಮ ಒಂದು ಕೈಯಲ್ಲಿ ದವಡೆ, ಇನ್ನೊಂದರಲ್ಲಿ ಕಿವಿ ಮುಚ್ಚಿಕೊಂಡು ಗಾಡಿಯನ್ನು ಶಪಿಸುತ್ತಲೇ ಬಂದಳು.

ಆನೇಮಹಲ್ಲಿನ ಹೆದ್ದಾರಿ ಪಕ್ಕದಲ್ಲಿ ಸುಫಿಯಾನನ ಗ್ಯಾರೇಜು. ಸುಫಿಯಾನ್ ಮಾತಿಗೆ ಜುಗ್ಗ. ಅವನು ಇಂಜಿನ್ ಚಾಲೂ ಮಾಡಿಸಿ, ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಅದರ ಮೇಲಿಟ್ಟು ಇನ್ನೊಂದಕ್ಕೆ ಕಿವಿ ಕೊಟ್ಟ. ಒಂದು ಕಡೆ ಕೇಳಿದ, ಇನ್ನೊಂದು ಕಡೆ ಕೇಳಿದ. ಆಮೇಲೆ ಕೈ ಒರೆಸಿಕೊಂಡ.

“ಇಂಜಿನ್ ಚೆನ್ನಾಗೈತೆ ನಂಜುಂಡಣ್ಣ. ಡೀಸೆಲ್ ನಾಜಲ್ಲು ಕಟ್ಟಿದಾವೆ, ಸೈಲೆನ್ಸರ್ ತೂತು ಬಿದ್ದೈತೆ. ಅದೆರಡು ಮಾಡುಸ್ಕೊ. ಇನ್ನೂ ಐದು ವರ್ಷ ಓಡ್ತದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಬಹುದು.”

ನಂಜುಂಡನಿಗೆ ನಿರಾಸೆಯಾಯಿತು. ಮೂರು ಮೂಟೆ ಮೆಣಸು ಮಾರಿ ಬಂದವನಿಗೆ ಎರಡು ಚಿಲ್ಲರೆ ರಿಪೇರಿ ಹೇಳಿದರೆ ಅವಮಾನವಾದಂತೆ ಆಗುವುದು ಸಹಜವೇ. ಅವನಿಗಿಂತ ಹೆಚ್ಚು ನೊಂದವನು ಲಕ್ಕಪ್ಪ.

“ಏನ್ ಸುಫಿಯಾನ್, ಮೂವತ್ತೊಂದು ವರ್ಷ ಸ್ಟೇರಿಂಗ್...”

“ಹೌದು ಲಕ್ಕಪ್ಪಣ್ಣ. ನೀವು ಸ್ಟೇರಿಂಗ್ ಹಿಡ್ದಿರೋದು. ಇಂಜಿನ್ ಅದರ ಕೆಳಗಿರ್ತದೆ.”

ಜಗಳ ಪಕ್ಕದ ಟೀ ಅಂಗಡಿಗೆ ಹೋಯಿತು. ಅಲ್ಲಿದ್ದವರು ಒಂಬತ್ತು ಜನ. ಘಾಟಿ ಇಳಿಯಲು ಕಾಯುತ್ತಿದ್ದ ಲಾರಿಯವರು, ಯಸಳೂರು ಬಸ್ಸಿಗೆ ಕಾಯುತ್ತಿದ್ದವರು, ಯಾವುದಕ್ಕೂ ಕಾಯದೆ ಸುಮ್ಮನೆ ಕೂತಿದ್ದವರು. ಲಕ್ಕಪ್ಪ ಬೆಂಚಿನ ಮೇಲೆ ನಿಂತು ಕೇಸನ್ನು ವಿವರಿಸಿದ. ನಂಜುಂಡನ ಗಾಡಿಯ ಇಂಜಿನ್ ಬದಲಾಗಬೇಕೋ ಬೇಡವೋ, ಕೈ ಎತ್ತಿ. ಆರು ಕೈ ಬದಲಾಗಲಿ ಎಂದು ಎದ್ದವು. ಇಬ್ಬರು ಬೇಡ ಎಂದರು. ಒಬ್ಬ ಎರಡೂ ಸಲ ಕೈ ಎತ್ತಿ, ಊಟ ಯಾವ ಕಡೆ ಕೊಡ್ತಾರೆ ಎಂದು ವಿಚಾರಿಸಿದ. ತನ್ನ ಬದುಕಿನ ಬಗ್ಗೆ ಇಷ್ಟು ಜನ ಇಷ್ಟು ಮುತುವರ್ಜಿಯಿಂದ ಯೋಚಿಸಿದ್ದು ನಂಜುಂಡನಿಗೆ ಇದೇ ಮೊದಲು. ಅವನ ಕಣ್ಣಲ್ಲಿ ನೀರೇ ಬಂತು.

ಆಗಲೇ ಫೋನು. ದೇವೇಂದ್ರ ಅವರದು.

“ಇಳಿಸಿದ್ರೇನಪ್ಪಾ? ಇನ್ನೂ ಇಲ್ವಾ? ನೋಡು, ಹಳೇ ಇಂಜಿನ್ನ ಗುಜರಿಗೆ ಹಾಕಬೇಡ. ಸ್ಪ್ರಿಂಕ್ಲರ್ ಪಂಪಿಗೆ ಕೂರಿಸ್ಕೋತೀನಿ. ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಬಸವರಾಜು ಟ್ರ್ಯಾಕ್ಟರ್ ತಗೊಂಡು ಬರ್ತಾನೆ. ಆ ಸೈಲೆನ್ಸರೂ ಜೊತೆಗೇ ಕಳ್ಸು. ಅದರ ತೂತು ಮುಚ್ಚೋಕೆ ಹೋಗಬೇಡಿ, ಹಂಗೇ ಇರ್ಲಿ.”

ಹಳೆಯದಕ್ಕೂ ಗಿರಾಕಿ! ನಂಜುಂಡ ಅಲ್ಲಿಗೆ ತೀರ್ಮಾನ ಮಾಡಿಬಿಟ್ಟ. “ಇಳ್ಸು ಸುಫಿಯಾನ್.”

“ಪಂಪಿಗೆ ತೂತು ಬಿದ್ದಿರೋ ಸೈಲೆನ್ಸರ್ ಯಾಕಂತೆ?”

“ದೊಡ್ಡೋರು. ಏನೋ ಇರ್ತದೆ,” ಎಂದ ಲಕ್ಕಪ್ಪ.

ಸುಫಿಯಾನ್ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದ. “ಗಾಡಿ ನಿಂದು ಅಣ್ಣ,” ಎಂದು ಇಂಜಿನ್ ಎತ್ತುವ ಚೈನ್‌ಬ್ಲಾಕ್ ಎಳೆದುಕೊಂಡ. ಮೂಲೆಯಲ್ಲಿ ಅದೇ ಮಾಡೆಲ್ಲಿನ ಇಂಜಿನ್ ಒಂದು ಸಿದ್ಧವಾಗಿತ್ತು. ಘಾಟಿಯಲ್ಲಿ ಮಗುಚಿದ ಪಿಕಪ್ಪಿನದು, ಹೆಚ್ಚು ಓಡಿದ್ದಲ್ಲ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾಯಿಸಲು ಆಫೀಸಿಗೆ ಎಷ್ಟು ಸಲ ಅಲೆಯಬೇಕು ಎಂಬುದನ್ನು ಸುಫಿಯಾನ್ ಬೋಲ್ಟು ಬಿಚ್ಚುತ್ತಾ ವಿವರಿಸಿದ. ಅಷ್ಟು ಹೊತ್ತಿಗೆ ಲಕ್ಕಪ್ಪ ಬ್ಯಾಂಕಿಗೆ ಹೋಗಿಬಿಟ್ಟಿದ್ದ. ಬಸಮ್ಮ ಹಲ್ಲು ಕೀಳಿಸಿಕೊಂಡು ಬಸ್ಸಿನಲ್ಲಿ ಊರಿಗೆ ಹೋದಳು.

ಮಧ್ಯಾಹ್ನ ಒಂದು ಗಂಟೆಗೆ ರೈಟರ್ ಬಸವರಾಜು ಬಂದ. ನೆಲದ ಮೇಲೆ ಹಳೆ ಟೈರುಗಳ ನಡುವೆ ಕೂರಿಸಿದ್ದ ಇಂಜಿನ್ನನ್ನು ಸುತ್ತ ತಿರುಗಿ ನೋಡಿದ.

“ಒಂದ್ಸಲ ಸ್ಟಾರ್ಟ್ ಮಾಡಿ ತೋರ್ಸಿ.”

ಸುಫಿಯಾನ್ ಬ್ಯಾಟರಿ ಕೊಟ್ಟ, ಬಾಟಲಿಯಿಂದ ಡೀಸೆಲ್ ಬಿಟ್ಟ. ಬಿಚ್ಚಿಹಾಕಿದ ಇಂಜಿನ್ ಇನ್ನೂ ಜೋರಾಗಿ ‘ಢಮಾರ್’ ಎಂದಿತು. ಟೀ ಅಂಗಡಿಯಲ್ಲಿ ಒಬ್ಬನ ಕೈಯಿಂದ ಗ್ಲಾಸು ಬಿತ್ತು. ಬಸವರಾಜು ಮಾತ್ರ ತಾಯಿಯ ಮಡಿಲಲ್ಲಿ ಮಲಗಿದವನಂತೆ ಕಣ್ಣು ಮುಚ್ಚಿ ನಕ್ಕ.

“ಸಾಕು ಸಾಕು. ಹಿಂಗೇ ಬೇಕಾಗಿತ್ತು.”

ಅವನು ಇಂಜಿನ್ನಿಗೆ ಟಾರ್ಪಾಲು ಹೊದಿಸಿ, ಕೆಳಗೆ ಹುಲ್ಲು ಹಾಸಿ, ಬಾಣಂತಿಯನ್ನು ಕರೆದೊಯ್ಯುವಷ್ಟು ಜೋಪಾನವಾಗಿ ಟ್ರ್ಯಾಕ್ಟರ್ ಓಡಿಸಿಕೊಂಡು ಹೋದ. ಹದಿನೆಂಟು ವರ್ಷ ಜೊತೆಗಿದ್ದದ್ದು ಹೀಗೆ ಹೋಗುತ್ತಿರುವಾಗ ನಂಜುಂಡ ಟ್ರ್ಯಾಕ್ಟರಿನ ಹಿಂದೆ ರಸ್ತೆಯವರೆಗೂ ನಡೆದ. ಆದರೆ ನಾಳೆಯ ಲೋಡು ನೆನೆದು ಒಂದು ಟೀ ಕುಡಿದ. ಸರಿಹೋಯಿತು.

ಸಂಜೆ ಐದಕ್ಕೆ ಹೊಸ ಇಂಜಿನ್ ಚಾಲೂ ಆಯಿತು. ಆಯಿತೆಂದು ಸುಫಿಯಾನ್ ಹೇಳಬೇಕಾಯಿತು. ನಂಜುಂಡನಿಗೆ ಕೇಳಿಸಿರಲಿಲ್ಲ.

ಊರ ಕಡೆ ಹೊರಟವನಿಗೆ ಆನಂದವೋ ಆನಂದ. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ರೇಡಿಯೋ ಹಾಕಿದರೆ ಹಾಡಿನ ಸಾಹಿತ್ಯವೂ ಅರ್ಥವಾಗುತ್ತಿತ್ತು. ಒಂದೇ ಒಂದು ಕೊರತೆ. ದಿನಾ ಅವನ ಸದ್ದು ಅರ್ಧ ಮೈಲಿ ದೂರದಲ್ಲಿ ಕೇಳಿದ ಕೂಡಲೇ ಜನ ಮೂಟೆ ತಂದು ರಸ್ತೆ ಬದಿಯಲ್ಲಿಟ್ಟು ಕಾಯುತ್ತಿದ್ದರು. ಇವತ್ತು ಯಾರೂ ಇರಲಿಲ್ಲ. ಅವನು ದಾಟಿಹೋದ ಮೇಲೆ ಹಿಂದಿನಿಂದ ಒಬ್ಬಿಬ್ಬರು, “ಏಯ್, ನಂಜುಂಡನ ಗಾಡಿ ಅಲ್ವೇನೋ ಅದು?” ಎಂದು ಕೂಗಿದ್ದು ಕೇಳಿತು. ಮಗ್ಗೆಯಲ್ಲಿ ರಸ್ತೆ ನಡುವೆ ಮಲಗಿದ್ದ ನಾಯಿ ಏಳಲೇ ಇಲ್ಲ. ಇಳಿದು ಎಬ್ಬಿಸಬೇಕಾಯಿತು. ಅದು ಇವನನ್ನು ಹೊಸಬನೆಂದು ಬೊಗಳಿತು.

ಮನೆ ಮುಂದೆ ಗಾಡಿ ನಿಲ್ಲಿಸಿ ಒಳಗೆ ಹೋದಾಗ ಗಂಗಾಮಣಿ ಬೆಚ್ಚಿಬಿದ್ದು ಕೈಯಲ್ಲಿದ್ದ ಮೊರ ಬೀಳಿಸಿದಳು.

“ಅಯ್ಯೋ! ಯಾವಾಗ ಬಂದ್ರಿ? ಎಸರೇ ಇಟ್ಟಿಲ್ಲ!”

ಅವಳ ಕೈ ಬರಿದಾಗಿತ್ತು. ನಂಜುಂಡ ಆ ಕೈಗಳ ಕಡೆ ನೋಡದೆ ಬಚ್ಚಲಿಗೆ ಹೋದ. ಅಷ್ಟರಲ್ಲಿ ಹೊರಗೆ ಬಸಮ್ಮನ ಗಂಟಲು. ಹಲ್ಲು ಕೀಳಿಸಿದ ಜಾಗಕ್ಕೆ ಹತ್ತಿ ಇಟ್ಟಿದ್ದರಿಂದ ಮಾತು ಅರ್ಧವೇ ಬರುತ್ತಿತ್ತು. ಬೈಗುಳ ಮಾತ್ರ ಪೂರ್ತಿ ಬರುತ್ತಿತ್ತು.

“ಲೋ ನಂಜುಂಡ! ಏನ್ಲಾ ಮಾಡ್ಬುಟ್ಟೆ? ಹಸು ಹಾಲೇ ಇಳುಸ್ತಿಲ್ಲ! ಅರ್ಧ ಗಂಟೆಯಿಂದ ಕೆಚ್ಚಲು ತೊಳ್ದು ಕೂತಿದೀನಿ. ದಿನಾ ನಿನ್ನ ಗಾಡಿ ಎರಡು ಸಲ ಢಮಾರ್ ಅಂದ್ರೇನೇ ಅದು ಹಾಲು ಬುಡೋದು. ಈಗ ರಸ್ತೆ ಕಡೆ ಕಿವಿ ಮಾಡ್ಕೊಂಡು ನಿಂತೈತೆ!”

“ಬೆಳಿಗ್ಗೆ ನೀನೇ ಅಲ್ವೇನಕ್ಕ...”

“ಮೂರು ಬೇಡ ಅಂದೆ ಕಣೋ! ಎರಡು ಬೇಡ ಅಂದ್ನಾ?”

ಬ್ಯಾಂಕಿನಿಂದ ಬಂದಿದ್ದ ಲಕ್ಕಪ್ಪನೂ ಹೊರಗೆ ಬಂದ. ಗಾಡಿಯ ಬಾನೆಟ್ ಎತ್ತಿಸಿ, ಹೊಸ ಇಂಜಿನ್ ನೋಡಿ, “ಹ್ಞೂಂ, ನಾ ಹೇಳ್ದಂಗೇ ಮಾಡವ್ನೆ,” ಎಂದು ತಲೆಯಾಡಿಸಿದ.

ಆಗ ಗುಡ್ಡದ ಮೇಲಿನಿಂದ, ದೇವೇಂದ್ರ ಅವರ ತೋಟದ ಕಡೆಯಿಂದ, ಸದ್ದು ಬಂತು.

ಢಮಾರ್! ಢಮಾರ್!

ಬಸಮ್ಮನ ಹಸು ತಟ್ಟನೆ ಹಾಲು ಬಿಟ್ಟಿತು. ಕೊಟ್ಟಿಗೆಯಲ್ಲಿ ಕೆಚ್ಚಲಿನಿಂದ ತಾನಾಗಿಯೇ ತೊಟ್ಟಿಕ್ಕಿದ ಹಾಲನ್ನು ಕಂಡು ಬಸಮ್ಮ ಬಕೆಟ್ ಹುಡುಕಿಕೊಂಡು ಓಡಿದಳು. ನಂಜುಂಡನ ಮುಖ ಅರಳಿತು. ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಅಳು ಕೇಳಿದ ಹಾಗಾಯಿತು ಅವನಿಗೆ.

“ಗಂಗಾ, ಕೇಳ್ದೇನೇ? ನಮ್ದೇ ಇಂಜಿನ್ನು! ಎಷ್ಟು ಚೆನ್ನಾಗಿ ಓಡ್ತೈತೆ ನೋಡು!”

ಗಂಗಾಮಣಿ ಸಂತೋಷಪಡಲಿಲ್ಲ. ಅವಳು ಗುಡ್ಡದ ಕಡೆಯೇ ನೋಡುತ್ತಿದ್ದಳು. “ಪಂಪಿಗೆ ಅಂದ್ರಲ್ಲ. ಡಿಸೆಂಬರಲ್ಲಿ, ಕಾಫಿ ಕುಯ್ಯೋ ಹೊತ್ತಲ್ಲಿ ಯಾರ್ರೀ ತೋಟಕ್ಕೆ ನೀರು ಹಾಯುಸ್ತಾರೆ?”

ಅಷ್ಟರಲ್ಲೇ ಗುಡ್ಡದ ಅಂಚಿನ ಪೊದೆಗಳು ಅಲ್ಲಾಡಿದವು. ಒಂದು ಆನೆ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮರಿಯೂ ಸೇರಿ ಮತ್ತೆ ಮೂರು. ಮೇಲೆ ಢಮಾರ್ ಎಂದಾಗಲೆಲ್ಲ ಅವು ಕಿವಿ ಬಡಿದು ಕೆಳಕ್ಕೆ ನುಗ್ಗುತ್ತಿದ್ದವು. ಇಳಿದದ್ದು ನೇರ ಮನೆ ಪಕ್ಕದಲ್ಲೇ ಇದ್ದ ನಂಜುಂಡನ ಅರ್ಧ ಎಕರೆ ಗದ್ದೆಗೆ. ನಾಡಿದ್ದು ಕುಯ್ಯಲು ಆಳು ಹೇಳಿಟ್ಟಿದ್ದ ಭತ್ತ, ಬಂಗಾರದ ಬಣ್ಣಕ್ಕೆ ತಿರುಗಿ ನಿಂತಿತ್ತು.

ಎಲ್ಲರೂ ಬಸಮ್ಮನ ಮನೆಯ ತಾರಸಿಗೆ ಓಡಿದರು. ಗಂಗಾಮಣಿ ಮೆಟ್ಟಿಲ ಮೇಲೆಯೇ ನಿಂತು ಲೆಕ್ಕ ಬಿಡಿಸಿದಳು.

“ನಮ್ಮ ಗಾಡಿ ಢಮಾರ್ ಅನ್ನೋಕೆ ಶುರು ಮಾಡಿ ಎರಡೇ ವರ್ಷ. ಬೆಳಿಗ್ಗೆ ಐದೂವರೆಗೆ ಒಂದ್ಸಲ, ಸಂಜೆ ಒಂದ್ಸಲ. ಆನೆ ಇಳಿಯೋ ಹೊತ್ಗೇ ಸರಿಯಾಗಿ. ಎರಡು ವರ್ಷ ಈ ಊರಿಂದ ಆನೆ ಓಡಿಸಿದ್ದು ನಿಮ್ಮ ಹರಕೇನೂ ಅಲ್ಲ ಬಸಮ್ಮಕ್ಕ, ನಿಮ್ಮ ಬಾಟ್ಲಿನೂ ಅಲ್ಲ ಲಕ್ಕಪ್ಪಣ್ಣ. ನಮಗೆ ಯಾರಿಗೂ ಗೊತ್ತಾಗ್ಲಿಲ್ಲ. ಗುಡ್ಡದ ಮೇಲಿಂದ ನೋಡ್ತಿದ್ದ ಸಾವ್ಕಾರ್ರಿಗೆ ಗೊತ್ತಾಯ್ತು.”

ನಂಜುಂಡ ತಾರಸಿ ಹತ್ತಲಿಲ್ಲ. ಪಿಕಪ್ಪಿಗೆ ಹಾರಿ ಕೂತು ಕೀಲಿ ತಿರುಗಿಸಿ ಆಕ್ಸಿಲರೇಟರ್ ಅಮುಕಿದ. ಬೆಕ್ಕು ಗುರುಗುಟ್ಟಿದಷ್ಟು ಸದ್ದಾಯಿತು. ಮತ್ತೆ ಅಮುಕಿದ. ಬೆಕ್ಕು ಇನ್ನಷ್ಟು ಸುಖವಾಗಿ ಗುರುಗುಟ್ಟಿತು. ಹಾರನ್ ಒತ್ತಿದ. ದೊಡ್ಡ ಆನೆ ಬಾಯಿ ತುಂಬ ಭತ್ತವಿಟ್ಟುಕೊಂಡು ತಿರುಗಿ ನೋಡಿ, ಗದ್ದೆ ಬದು ದಾಟಿ, ಇದ್ಯಾವ ಪ್ರಾಣಿ ಎಂದು ಮೂಸಲು ಹತ್ತಿರ ಬಂತು. ನಂಜುಂಡ ಆಚೆ ಬದಿಯ ಬಾಗಿಲಿನಿಂದ ಇಳಿದು ತಾರಸಿಗೆ ಬಂದ ವೇಗವನ್ನು ಯಾವ ಇಂಜಿನ್ನೂ ಕೊಡಲಾರದು. ಹಿಂದೆ ಬಾನೆಟ್ ಲಟಕ್ಕೆಂದು ಮುರಿದ ಸದ್ದು ಕೇಳಿತು.

ತಾರಸಿಯ ಮೇಲೆ ಬಸಮ್ಮ ಕಾಯುತ್ತಿದ್ದಳು. “ಯಾವನ್ಲಾ ನಿಂಗೆ ಇಂಜಿನ್ ಬದ್ಲಾಯ್ಸು ಅಂದಿದ್ದು?”

ನಂಜುಂಡ ಲಕ್ಕಪ್ಪನ ಮುಖ ನೋಡಿದ. ಲಕ್ಕಪ್ಪ ಆಕಾಶ ನೋಡಿದ.

“ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡ್ದೋನು ನಾನು. ಒಳ್ಳೇ ಇಂಜಿನ್ ಇಳ್ಸು ಅಂತೀನಾ? ನಾಜಲ್ಲು, ಸೈಲೆನ್ಸರ್ ಮಾಡುಸ್ಕೊಂಡಿದ್ರೆ ಆಗ್ತಿತ್ತಪ್ಪ.”

ಕೆಳಗೆ ಭತ್ತ ಕಚಕಚ ಎಂದು ಮುಗಿಯುತ್ತಿತ್ತು. ಒಂದು ವರ್ಷದ ಅನ್ನ ಅದು. ಗಂಗಾಮಣಿ ಬರಿಗೈಗಳನ್ನು ಮಡಚಿಕೊಂಡು ಗೋಡೆಗೆ ಒರಗಿದ್ದಳು. ನಂಜುಂಡ ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗ ಎಲ್ಲರ ಫೋನುಗಳೂ ಒಟ್ಟಿಗೇ ಟಿಂಗ್ ಎಂದವು. ‘ಆನೆ ಮಾಹಿತಿ’ ವಾಟ್ಸಾಪ್ ಗ್ರೂಪಿಗೆ ದೇವೇಂದ್ರ ಅವರ ಸಂದೇಶ ಬಂದಿತ್ತು.

“ಸರ್ವರಿಗೂ ನಮಸ್ಕಾರ. ಐದು ಕಾಡಾನೆಗಳು ನಮ್ಮ ತೋಟ ಬಿಟ್ಟು ನಂಜುಂಡನ ಗದ್ದೆಯ ಕಡೆ ಹೊರಟಿವೆ. ಆ ಭಾಗದವರು ಎಚ್ಚರಿಕೆಯಿಂದ ಇರತಕ್ಕದ್ದು. ದಾರಿಯಲ್ಲಿ ಆನೆ ಇರುವ ಕಾರಣ ನಾಳೆಯಿಂದ ನಮ್ಮ ಕಾಫಿ ಸಾಗಣೆಗೆ ಆಲೂರಿನ ಗಾಡಿ ಗೊತ್ತು ಮಾಡಲಾಗಿದೆ. ನಂಜುಂಡನ ಸುರಕ್ಷತೆಯೇ ನಮಗೆ ಮುಖ್ಯ.”

ಕೊನೆಯಲ್ಲಿ ಮೂರು ಜೋಡಿಸಿದ ಕೈಗಳಿದ್ದವು. ನಂಜುಂಡ ಎರಡು ಸಲ ಓದಿದ. ಸಂದೇಶದ ಕೆಳಗೆ ಆಗಲೇ ಒಂದು ಹೆಬ್ಬೆರಳು ಬಿದ್ದಿತ್ತು. ಯಾರದೆಂದು ಒತ್ತಿ ನೋಡಿದ.

ಪಕ್ಕದಲ್ಲೇ ನಿಂತಿದ್ದ ಲಕ್ಕಪ್ಪನದು.